ಹಕ್ಕಿಗಳೇಕೆ ಮುನಿದವು?

ಆಲ್‌ಫ್ರೆಡ್ ಹಿಚ್‌ಕಾಕ್ 1963ರಲ್ಲಿ ತೆರೆಗೆ ತಂದ 'ದಿ ಬರ್ಡ್ಸ್' ಎಂಬ ಆಂಗ್ಲ ಚಲಚ್ಚಿತ್ರವನ್ನು ನೋಡಿದವರ ಅಭಿಪ್ರಾಯ ಕೇಳಿದರೆ, ಅವರು ಸಾಮಾನ್ಯವಾಗಿ ಮೊದಲು ಒಂದು ಪ್ರಶ್ನೆಯನ್ನೇ ನಮ್ಮೆದುರಿಗೆ ಇಡುತ್ತಾರೆ. ಆ ಹಕ್ಕಿಗಳು ಮನುಷ್ಯರ ಮೇಲೆ ಎರಗಿದ್ದೇಕೆ? ಅರುವತ್ತು ವರ್ಷಗಳಿಗೂ ಮಿಗಿಲಾಗಿ ಜಗತ್ತಿನ ಪ್ರೇಕ್ಷಕರೆಲ್ಲ ಕೇಳುತ್ತ ಬಂದ ಈ ಪ್ರಶ್ನೆಯನ್ನು ನಮ್ಮ ಮನೂರು ಸೀಮೆಯ ಒಬ್ಬ ರೈತರೂ ಕೇಳಿದರೆಂಬುದೇ ಈ ಲೇಖನಕ್ಕೆ ನಿಮಿತ್ತ.

ಕಥೆ ಸರಳವಾದುದು. ಮೆಲನಿ ಎಂಬ ಸಿರಿವಂತ ತರುಣಿ ಪಂಜರದಲ್ಲಿ ಎರಡು ಪುಟ್ಟ ಗಿಳಿಗಳನ್ನಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಬೊಡೇಗಾ ಬೇ ಎಂಬ ಕಡಲತಡಿಯ ಊರಿಗೆ ಬರುತ್ತಾಳೆ. ದೋಣಿಯಲ್ಲಿರುವಾಗ ಕಡಲಕ್ಕಿಯೊಂದು ಅವಳ ಹಣೆಗೆ ಕುಕ್ಕುತ್ತದೆ. ಅನಂತರ ಮಕ್ಕಳ ಹುಟ್ಟುಹಬ್ಬದ ಮೇಲೆ ದಾಳಿ. ಹೊಗೆಗೂಡಿನಿಂದ ಗುಬ್ಬಿಗಾತ್ರದ ಹಕ್ಕಿಗಳ ಪ್ರವಾಹ. ಕಣ್ಣು ಕಳೆದುಕೊಂಡು ಸತ್ತುಬಿದ್ದ ಒಬ್ಬ ಒಕ್ಕಲಿಗ. ಕೊನೆಗೆ ಕುಟುಂಬವೊಂದು ಸಹಸ್ರಾರು ಹಕ್ಕಿಗಳ ನಡುವೆ ಸದ್ದಿಲ್ಲದೆ ಕಾರನ್ನು ನಡೆಸಿಕೊಂಡು ಊರು ಬಿಡುತ್ತದೆ. 'ಮುಕ್ತಾಯ' ಎಂಬ ಅಕ್ಷರಗಳೂ ತೆರೆಯ ಮೇಲೆ ಮೂಡುವುದಿಲ್ಲ.

ಸಹೋದ್ಯೋಗಿಯೊಬ್ಬರ ಮನೆಯ ಟಿ.ವಿ.ಯಲ್ಲಿ ಹತ್ತು ಹನ್ನೆರಡು ಮಂದಿ ಕೂಡಿ ಇದನ್ನು ನೋಡಿದೆವು. ನಮ್ಮದು 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದ ಭೂಭಾಗ. ಮನೆಯ ಮಾತು ಕನ್ನಡ, ಸಿನಿಮಾದ ಮಾತು ತೆಲುಗು. ಆದುದರಿಂದ ಇಂಗ್ಲಿಷ್ ಸಂಭಾಷಣೆಯನ್ನು ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಮೊದಲ ಮುಕ್ಕಾಲು ಗಂಟೆ ಹುಡುಗರು ಆಕಳಿಸಿದರು. ಈಗಿನ ಕಂಪ್ಯೂಟರ್ ಚಮತ್ಕಾರಗಳನ್ನು ಕಂಡ ಕಣ್ಣುಗಳಿಗೆ ಕೆಲವು ಹಕ್ಕಿಗಳು ಅಂಟಿಸಿದಂತೆಯೂ ತೋರಿದವು. ನಗು ನಿಂತದ್ದು ಶಾಲೆಯ ದೃಶ್ಯದಲ್ಲಿ.

ಒಳಗೆ ಮಕ್ಕಳು ಪದ ಹೇಳುತ್ತಿದ್ದಾರೆ. ಹೊರಗೆ ಮೆಲನಿ ಬೆಂಚಿನ ಮೇಲೆ ಕುಳಿತಿದ್ದಾಳೆ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಬ್ಬಿಣದ ಸರಳುಗಳ ಮೇಲೆ, ಒಂದು ಕಾಗೆ ಬಂದು ಕೂರುತ್ತದೆ. ಮತ್ತೆ ಕೆಲವು. ನಾವು ಕಂಡೆವು, ಅವಳು ಕಾಣಲಿಲ್ಲ. ಅವಳು ತಿರುಗಿ ನೋಡುವ ಹೊತ್ತಿಗೆ ಸರಳುಗಳೆಲ್ಲ ಕಪ್ಪಾಗಿವೆ. ನಡೆಯಲಿರುವುದನ್ನು ಪ್ರೇಕ್ಷಕನಿಗೆ ಮುಂಚಿತವಾಗಿ ತಿಳಿಸಿ, ಪಾತ್ರಕ್ಕೆ ತಿಳಿಸದೆ ಕಾಯಿಸುವುದೇ ಹಿಚ್‌ಕಾಕನ ವಿದ್ಯೆ. ಹಿನ್ನೆಲೆಯಲ್ಲಿ ವಾದ್ಯಸಂಗೀತವಿಲ್ಲ, ಬರ್ನಾರ್ಡ್ ಹರ್ಮನ್‌ನ ಮೇಲ್ವಿಚಾರಣೆಯಲ್ಲಿ, 'ಟ್ರೌಟೋನಿಯಮ್' ಎಂಬ ವಿದ್ಯುತ್ ವಾದ್ಯದಿಂದ ಹುಟ್ಟಿಸಿದ ರೆಕ್ಕೆಯ ಬಡಿತ, ಕೂಗು, ಅವುಗಳ ನಡುವಿನ ಮೌನ, ಇಷ್ಟೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಸೆರಗನ್ನು ಬಾಯಿಗಿಟ್ಟುಕೊಂಡದ್ದು ಆಗಲೇ.

ಚಿತ್ರ ಮುಗಿದೊಡನೆ ರೈತರು ಕೇಳಿದರು: "ಹಕ್ಕಿ ಯಾಕ್ ಸಿಟ್ಟಾದ್ವು, ಅದು ಹೇಳ್ಲೇ ಇಲ್ಲಲ್ಲ ಗುರುಗಳೇ?" ಬಿಳಿಜೋಳ ಸೀತನಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಗಿಳಿ, ಗುಬ್ಬಿಗಳನ್ನು ಓಡಿಸುತ್ತ ಬೆಳೆದವರು ಅವರು. ಹಕ್ಕಿಗೆ ಮನುಷ್ಯನ ಮೇಲೆ ಸಿಟ್ಟು ಬರಲು ಕಾರಣಗಳಿವೆಯೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಾರಣವನ್ನು ನಿರ್ದೇಶಕನ ಬಾಯಿಂದ ಕೇಳಬೇಕೆಂಬುದೇ ಅವರ ಬಯಕೆ. ಈ ಚಿತ್ರಕ್ಕೆ ಆಧಾರವಾದ, ದಾಫ್ನೆ ದು ಮೊರಿಯೆ 1952ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಸಿರಿವಂತ ತರುಣಿಯೇ ಇಲ್ಲ, ನಾಯಕನು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಹೊಲದ ಕೂಲಿ ಮಾಡುವವನು ಎಂದು ನಾನು ತಿಳಿಸಿದಾಗ ಅವರ ಮುಖ ಅರಳಿತು. ಅದನ್ನೇ ಸಿನಿಮಾ ಮಾಡಬೇಕಿತ್ತೆಂಬುದು ಅವರ ತೀರ್ಪು.

ತರುಣರ ವಾದ ಬೇರೆ. ಶಂಕರ್ ನಿರ್ದೇಶಿಸಿದ, 2018ರಲ್ಲಿ ಬಂದ ರಜನಿಕಾಂತರ '2.0' ಚಿತ್ರವನ್ನು ಅವರು ತೆಲುಗಿನಲ್ಲಿ ನೋಡಿದ್ದರು. ಅದರಲ್ಲಿ ಪಕ್ಷಿಪ್ರೇಮಿಯೊಬ್ಬನ ಆತ್ಮ ಮೊಬೈಲುಗಳನ್ನೆಲ್ಲ ಸೆಳೆದು ಮಹಾಪಕ್ಷಿಯಾಗಿ ಎರಗುತ್ತದೆ. ಟವರಿನ ತರಂಗಗಳಿಂದ ಹಕ್ಕಿಗಳು ಸತ್ತವೆಂಬುದು ಕಾರಣ. ಆ ಕಾರಣವನ್ನು ವಿಜ್ಞಾನ ಇನ್ನೂ ಸಿದ್ಧಪಡಿಸಿಲ್ಲವಾದರೂ ಪ್ರೇಕ್ಷಕನಿಗೆ ಸಮಾಧಾನವಾಗುತ್ತದೆ. ಗಿರೀಶ ಕಾರ್ನಾಡರು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ 1973ರಲ್ಲಿ ತೆಗೆದ 'ಕಾಡು' ಚಿತ್ರದಲ್ಲಿಯೂ ಹೆಸರು ಹಿಡಿದು ಕರೆಯುವ ಹಕ್ಕಿಯ ಭಯವಿದೆ. ಅಲ್ಲಿ ಯಾರೂ ಏಕೆಂದು ಕೇಳುವುದಿಲ್ಲ; ಓಗೊಟ್ಟವನು ಉಳಿಯನೆಂಬ ಹಳ್ಳಿಯ ನಂಬಿಕೆಯೇ ಸಾಕಾಗಿದೆ. ಹಿಚ್‌ಕಾಕನ ಊರಿಗೆ ಅಂಥ ನಂಬಿಕೆಯ ಆಸರೆಯೂ ಇಲ್ಲ. ಉಪಾಹಾರಗೃಹದಲ್ಲಿ ಪಕ್ಷಿಶಾಸ್ತ್ರ ಬಲ್ಲ ಮುದುಕಿಯೊಬ್ಬಳು ಹಕ್ಕಿಗಳು ಹೀಗೆ ಮಾಡಲಾರವೆಂದು ವಾದಿಸುತ್ತಿರುವಂತೆಯೇ ಹೊರಗೆ ಬೆಂಕಿ ಹತ್ತುತ್ತದೆ. ನನಗೆ ಇದು ಚಿತ್ರದ ಕೊರತೆಯಾಗಿ ಕಾಣಲಿಲ್ಲ. ಕಾರಣ ತಿಳಿದಿದ್ದರೆ ಕುರ್ಚಿಗೆ ಒರಗಿ ಕೂರುತ್ತಿದ್ದೆವು.

ಆದರೂ ರೈತರ ಪ್ರಶ್ನೆಗೆ ಒಂದು ಪಕ್ಕದ ಉತ್ತರವುಂಟು. 1961ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಪಿಟೋಲ ಪಟ್ಟಣದ ಮೇಲೆ ರಾತ್ರಿಯ ಹೊತ್ತು ಕಡಲಹಕ್ಕಿಗಳು ದಿಕ್ಕು ತಪ್ಪಿ ಮನೆಗಳಿಗೆ, ದೀಪಗಳಿಗೆ ಬಡಿದು ಬಿದ್ದವು. ಈ ಸುದ್ದಿ ಹಿಚ್‌ಕಾಕನಿಗೆ ತಲುಪಿತ್ತು. ಕಡಲಿನಲ್ಲಿ ಬೆಳೆಯುವ ಒಂದು ಸೂಕ್ಷ್ಮ ಪಾಚಿಯ 'ಡೊಮೊಯಿಕ್ ಆಮ್ಲ' ಎಂಬ ನಂಜು ಮೀನುಗಳ ಮೂಲಕ ಆ ಹಕ್ಕಿಗಳ ನರಗಳನ್ನು ಕೆಡಿಸಿರಬೇಕೆಂದು ವಿಜ್ಞಾನಿಗಳು ಅರ್ಧ ಶತಮಾನದ ಬಳಿಕ, ಆ ವರ್ಷದ ಕಡಲಜೀವಿಗಳ ಕಾಯ್ದಿಟ್ಟ ಮಾದರಿಗಳನ್ನು ಪರೀಕ್ಷಿಸಿ ತೋರಿಸಿದರು. ಅವು ಮುನಿದಿರಲಿಲ್ಲ, ರೋಗಪೀಡಿತವಾಗಿದ್ದವು. ಇದನ್ನು ಕೇಳಿ ಅಜ್ಜಿ "ಪಾಪ" ಎಂದರು.

ಉಪಾಧ್ಯಾಯರಾದ ನಮ್ಮೊಳಗೆ ಮಾತ್ರ ಚರ್ಚೆ ಶಾಲೆಯ ದೃಶ್ಯವನ್ನು ಬಿಟ್ಟು ಕದಲಲಿಲ್ಲ. ಆ ಶಿಕ್ಷಕಿ ಆ್ಯನಿ, ಬೆಂಕಿಯ ಅಭ್ಯಾಸವೆಂದು ಹೇಳಿ ಮಕ್ಕಳನ್ನು ಸಾಲಾಗಿ ಹೊರಡಿಸುತ್ತಾಳೆ. ಓಟದ ಸದ್ದು ಕೇಳಿದೊಡನೆ ಕಾಗೆಗಳು ಏಳುತ್ತವೆ. ಮುಂದೆ ಒಬ್ಬ ಬಾಲಕಿಯನ್ನು ಮನೆಯೊಳಕ್ಕೆ ನೂಕಿ ತಾನು ಹೊಸ್ತಿಲಾಚೆ ಸಾಯುತ್ತಾಳೆ. ಅವಳ ತ್ಯಾಗಕ್ಕೆ ಎಲ್ಲರೂ ತಲೆಬಾಗಿದರು. ಆದರೆ ಕಿರಿಯ ಶಿಕ್ಷಕಿಯೊಬ್ಬರು, "ಬಾಗಿಲು ಹಾಕಿಕೊಂಡು ಒಳಗೇ ಇರಬೇಕಿತ್ತಲ್ಲವೇ ಸಾರ್?" ಎಂದರು. ಕಿಟಕಿಯ ಗಾಜುಗಳು ತಡೆಯುತ್ತಿದ್ದವೇ ಎಂದು ಇನ್ನೊಬ್ಬರು. ಆ ಮಾತು ಬಹಳ ಹೊತ್ತು ಬೆಳೆಯಿತು, ಏಕೆಂದರೆ ನಮಗೆ ಅದು ಸಿನಿಮಾದ ಮಾತಾಗಿ ಉಳಿದಿರಲಿಲ್ಲ.

ನಮ್ಮ ಕಡೆ ಕಾಗೆಗಳು ಎರಗಲಾರವು, ಹೆಜ್ಜೇನು ಎರಗುತ್ತದೆ. ಎತ್ತರದ ಮರಗಳಲ್ಲಿ, ನೀರಿನ ಟ್ಯಾಂಕುಗಳ ಕೆಳಗೆ ಅದು ತೆರೆದ ಹುಟ್ಟು ಕಟ್ಟುತ್ತದೆ. ಹುಡುಗನೊಬ್ಬನ ಕಲ್ಲು, ಯಾರೋ ಹಾಕಿದ ಹೊಗೆ, ಇಲ್ಲವೇ ಜೇನುಗಿಡುಗನ ಒಂದು ಎರಗು ಸಾಕು, ಹುಟ್ಟು ಏಳುತ್ತದೆ. ಚುಚ್ಚಿದ ಹುಳುವಿನ ವಾಸನೆ ಉಳಿದವುಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಆಗ ಕೈಬೀಸಿ ಹೊಡೆಯಬಾರದು, ಬಾವಿಗೋ ಹೊಂಡಕ್ಕೋ ಹಾರಬಾರದು. ಮುಖ ಮುಚ್ಚಿಕೊಂಡು ಹತ್ತಿರದ ಕೋಣೆಗೆ ಓಡಿ ಬಾಗಿಲು, ಕಿಟಕಿ ಹಾಕಿಕೊಳ್ಳಬೇಕು. ಮುಳ್ಳನ್ನು ಬೇಗನೆ ತೆಗೆದು, ಹಲವು ಕಡೆ ಚುಚ್ಚಿದ್ದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮಕ್ಕಳಿಗೆ ಪ್ರಾರ್ಥನೆಯ ವೇಳೆ ಹೇಳುವುದೆಂದು ಅಂದೇ ನಿಶ್ಚಯವಾಯಿತು. ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂಬ ತರುಣ ಶಿಕ್ಷಕರ ಸಲಹೆಯನ್ನು ನಾನು ಒಪ್ಪಲಿಲ್ಲ; ದೊಡ್ಡ ತರಗತಿಯವರಿಗೆ ಅಡ್ಡಿಯಿಲ್ಲ, ಕಾಗೆಗೆ ಅನ್ನ ಇಡುವ ವಯಸ್ಸಿನವರಿಗೆ ಬೇಡ.

ಮರುದಿನ ಕೊಠಡಿಗಳನ್ನು ಸುತ್ತಿ ನೋಡಿದೆವು. ಎರಡು ಬಾಗಿಲುಗಳಿಗೆ ಒಳಚಿಲಕವೇ ಇರಲಿಲ್ಲ. ಅವನ್ನು ಹಾಕಿಸಿದ್ದಾಗಿದೆ. ಐದನೆಯ ತರಗತಿಯ ಒಂದು ಕಿಟಕಿಗೆ ಕದವಿಲ್ಲ, ಬಡಗಿ ಅಳತೆ ತೆಗೆದುಕೊಂಡು ಹೋಗಿದ್ದಾನೆ.