ಕನ್ಸೋಲ್‌ನಲ್ಲಿ ಸೊಗಸು, ಪಿಸಿಯಲ್ಲಿ ಪೇಚು: ಜಪಾನಿನ ಗೇಮ್‌ಗಳು ಎಡವುವುದೆಲ್ಲಿ?

ದುಬಾರಿ ಕಂಪ್ಯೂಟರ್ ಇದ್ದರೂ ಚಿತ್ರ ಮಸುಕು. ಮೌಸ್ ಅಲುಗಿಸಿದರೆ ಕ್ಯಾಮೆರಾ ಹೇಳಿದ ಮಾತು ಕೇಳದು. ಒತ್ತಬೇಕೆಂದು ಪರದೆ ತೋರಿಸುವ ಗುಂಡಿ ಕೀಬೋರ್ಡ್‌ನಲ್ಲೇ ಇಲ್ಲ! ಜಪಾನಿನ ಕನ್ಸೋಲ್ ಗೇಮ್‌ಗಳನ್ನು ಪಿಸಿಯಲ್ಲಿ ಆಡಿದ ಅನೇಕರಿಗೆ ಈ ಅನುಭವ ಹೊಸತಲ್ಲ.

ಇದಕ್ಕೆ ಪ್ರಸಿದ್ಧ ನಿದರ್ಶನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ‘ಡಾರ್ಕ್ ಸೋಲ್ಸ್’. 2011ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ರಲ್ಲಿ ಹೆಸರು ಮಾಡಿದ ಈ ಗೇಮ್, ಅಭಿಮಾನಿಗಳು ಸಹಿ ಸಂಗ್ರಹಿಸಿ ಒತ್ತಾಯಿಸಿದ ನಂತರ 2012ರ ಆಗಸ್ಟ್‌ನಲ್ಲಿ ಪಿಸಿಗೆ ಬಂದಿತು. ಆದರೆ ಮಾನಿಟರ್ ಎಂಥದೇ ಇರಲಿ, ಒಳಗೆ ಚಿತ್ರ ರೂಪುಗೊಳ್ಳುತ್ತಿದ್ದುದು 1024x720 ಪಿಕ್ಸೆಲ್‌ಗಳಲ್ಲಿ ಮಾತ್ರ. ವೇಗಕ್ಕೂ ಸೆಕೆಂಡಿಗೆ 30 ಫ್ರೇಮ್‌ಗಳ ಮಿತಿ. ‘ಡ್ಯುರಾಂಟೆ’ ಎಂದು ಪರಿಚಿತರಾದ ಪ್ರೋಗ್ರಾಮರ್ ಪೀಟರ್ ತೋಮನ್, ಗೇಮ್ ಬಿಡುಗಡೆಯಾದ ಕೆಲವೇ ತಾಸುಗಳಲ್ಲಿ ‘ಡಿಎಸ್‌ಫಿಕ್ಸ್’ ಎಂಬ ಉಚಿತ ತಂತ್ರಾಂಶ ನೀಡಿ ಪಿಕ್ಸೆಲ್‌ಗಳ ನಿರ್ಬಂಧವನ್ನು ತೆಗೆದುಹಾಕಿದರು.

ಕಾರಣವೇನು?

ಒಂದು ಮಾದರಿಯ ಕನ್ಸೋಲ್‌ಗಳೆಲ್ಲದರ ಯಂತ್ರಾಂಶ ಬಹುತೇಕ ಒಂದೇ. ಹೀಗಾಗಿ ಕೆಲವು ತಂತ್ರಜ್ಞರು ಫ್ರೇಮ್ ಅನ್ನೇ ಗಡಿಯಾರವಾಗಿ ಬಳಸುತ್ತಾರೆ. ಪಿಸಿಯಲ್ಲಿ ವೇಗ ಬದಲಾದೊಡನೆ ಲೆಕ್ಕ ತಪ್ಪುತ್ತದೆ. 2014ರ ‘ಡಾರ್ಕ್ ಸೋಲ್ಸ್ 2’ ಪಿಸಿಯಲ್ಲಿ 60 ಫ್ರೇಮ್‌ಗಳಲ್ಲಿ ಓಡುವಾಗ, 30 ಫ್ರೇಮ್‌ಗಳಿಗೆ ಹೋಲಿಸಿದರೆ ಆಯುಧಗಳು ಸುಮಾರು ದುಪ್ಪಟ್ಟು ಬೇಗ ಸವೆಯುತ್ತಿದ್ದವು. ಇದು ಸರಿಹೋದದ್ದು 2015ರಲ್ಲಿ.

ಎರಡನೆಯ ಕಾರಣ ಮಾರುಕಟ್ಟೆ. ಜಪಾನಿನಲ್ಲಿ ದಶಕಗಳ ಕಾಲ ಕನ್ಸೋಲ್‌ಗಳದೇ ಪಾರಮ್ಯ. ಪಿಸಿಯ ಅನುಭವವುಳ್ಳ ತಂತ್ರಜ್ಞರು ಅಲ್ಲಿನ ಅನೇಕ ಸಂಸ್ಥೆಗಳಲ್ಲಿ ವಿರಳವಾಗಿದ್ದರು. ಪಿಸಿ ಆವೃತ್ತಿ ತಮಗೆ ಕಷ್ಟವಾಗುತ್ತಿದೆ ಎಂದು ‘ಡಾರ್ಕ್ ಸೋಲ್ಸ್’ ನಿರ್ಮಾಪಕರೇ ಬಿಡುಗಡೆಗೆ ಮುನ್ನ ಒಪ್ಪಿಕೊಂಡಿದ್ದರು.

ದುರಸ್ತಿಯ ಹೊಣೆ ಯಾರದು?

2017ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ‘ನಿಯರ್: ಆಟೋಮೇಟಾ’ದ ತೊಂದರೆಗಳನ್ನು ಮೊದಲು ನಿವಾರಿಸಿದವರೂ ಹವ್ಯಾಸಿಗಳೇ. ಸ್ಟೀಮ್ ಆವೃತ್ತಿಗೆ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ದೊಡ್ಡ ಪರಿಷ್ಕರಣೆ ದೊರೆತದ್ದು 2021ರ ಜುಲೈನಲ್ಲಿ. ಪೂರ್ಣ ಬೆಲೆ ತೆತ್ತ ಗ್ರಾಹಕ ಅಲ್ಲಿಯವರೆಗೆ ಅಪರಿಚಿತರ ಔದಾರ್ಯವನ್ನೇ ನೆಚ್ಚಬೇಕಾಯಿತು.

ಚಿತ್ರಣ ಬದಲಾಗಿರುವುದೂ ನಿಜ. 2015ರ ‘ಮೆಟಲ್ ಗೇರ್ ಸಾಲಿಡ್ 5’ ಪಿಸಿಯಲ್ಲೂ ಸರಾಗವಾಗಿ ಓಡಿ ಮೆಚ್ಚುಗೆ ಗಳಿಸಿತು. ತೋಮನ್ ಅವರು ಮುಂದೆ ಸ್ವಂತ ಸಂಸ್ಥೆ ಕಟ್ಟಿ, ಜಪಾನಿನ ಫಾಲ್ಕಮ್ ಸಂಸ್ಥೆಯ ಗೇಮ್‌ಗಳನ್ನು ಅಧಿಕೃತವಾಗಿಯೇ ಪಿಸಿಗೆ ತಂದರು.

ಕೊಳ್ಳುವವರಿಗೊಂದು ಕಿವಿಮಾತು: 2015ರಿಂದ ಜಾರಿಯಲ್ಲಿರುವ ನಿಯಮದಂತೆ, ಸ್ಟೀಮ್‌ನಲ್ಲಿ ಖರೀದಿಸಿದ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಆದ್ದರಿಂದ ಕಥೆಗೆ ಮನಸೋಲುವ ಮುನ್ನ, ಮೊದಲ ಗಂಟೆಯಲ್ಲೇ ಗೇಮ್ ನಿಮ್ಮ ಕಂಪ್ಯೂಟರ್‌ನಲ್ಲಿ ಹೇಗೆ ಓಡುತ್ತದೆಂದು ಪರೀಕ್ಷಿಸಿಕೊಳ್ಳುವುದು ಜಾಣತನ.