ಹೆಸರು ಯಾರ ಸ್ವತ್ತು?

ಅಮೆರಿಕದಲ್ಲಿ ನಾವು ಫುಟ್‌ಬಾಲ್ ಎನ್ನುವ ಆಟಕ್ಕೆ ಸಾಕರ್ ಎಂದೇ ಹೆಸರು. ಅಲ್ಲಿನ ಪುರುಷರ ವೃತ್ತಿಪರ ಸಾಕರ್ ಲೀಗ್ 1996ರಲ್ಲಿ ಹತ್ತು ತಂಡಗಳೊಂದಿಗೆ ಶುರುವಾಯಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತೆ, ಒಬ್ಬ ಅಭಿಮಾನಿಯೂ ಇಲ್ಲದ ತಂಡಗಳಿಗೆ ಹೆಸರು, ಬಣ್ಣ, ಲಾಂಛನಗಳೆಲ್ಲ ತಯಾರಾಗಿದ್ದವು. ಕಾನ್ಸಾಸ್ ಸಿಟಿಯ ತಂಡ ‘ವಿಜ್’, ಡಲ್ಲಾಸಿನದು ‘ಬರ್ನ್’, ಸ್ಯಾನ್ ಹೊಸೆಯದು ‘ಕ್ಲ್ಯಾಶ್’, ನ್ಯೂಯಾರ್ಕ್–ನ್ಯೂಜೆರ್ಸಿಯದು ‘ಮೆಟ್ರೊಸ್ಟಾರ್ಸ್’, ಟ್ಯಾಂಪಾದ್ದು ‘ಮ್ಯೂಟಿನಿ’. ಕಿವಿಗೆ ಬಿದ್ದ ಕೂಡಲೇ ಹೊಸ ಪೀಳಿಗೆ ಮರುಳಾಗಬೇಕು ಎಂಬ ಲೆಕ್ಕಾಚಾರ ಈ ಹೆಸರುಗಳಲ್ಲಿ ಎದ್ದು ಕಾಣುತ್ತದೆ. 2006ರ ಹೊತ್ತಿಗೆ ಈ ಐದರಲ್ಲಿ ಒಂದೂ ಉಳಿದಿರಲಿಲ್ಲ. ಮ್ಯೂಟಿನಿ ತಂಡವೇ ಮುಚ್ಚಿಹೋಯಿತು, ಉಳಿದ ನಾಲ್ಕು ಹೊಸ ಹೆಸರು ಹೊತ್ತವು.

ಅಷ್ಟರಲ್ಲಿ ಗಾಳಿ ಯುರೋಪಿನ ಕಡೆಯಿಂದ ಬೀಸತೊಡಗಿತ್ತು. ಡಲ್ಲಾಸ್ ‘ಎಫ್‌ಸಿ’ ಆಯಿತು, ಯೂಟಾದಲ್ಲಿ ‘ರಿಯಲ್ ಸಾಲ್ಟ್ ಲೇಕ್’ ಹುಟ್ಟಿತು, ಕಾನ್ಸಾಸ್ ಸಿಟಿ 2011ರ ಋತುವಿಗೆ ‘ಸ್ಪೋರ್ಟಿಂಗ್’ ಆಗಿ ಕಣಕ್ಕಿಳಿಯಿತು. ಸ್ಪೇನಿನಲ್ಲಿ ‘ರಿಯಲ್’ ಎಂದರೆ ರಾಜಮನೆತನದ ಕೃಪೆ ಪಡೆದದ್ದು ಎಂದರ್ಥ. ಯೂಟಾಕ್ಕೆ ಅಂಥ ರಾಜನೂ ಇಲ್ಲ, ಆ ಚರಿತ್ರೆಯೂ ಇಲ್ಲ. ಅಂದಿನಿಂದ ಅಮೆರಿಕದಲ್ಲಿ ವಾದವೊಂದು ನಡೆದೇ ಇದೆ: ಗ್ಯಾಲಕ್ಸಿ, ರ‍್ಯಾಪಿಡ್ಸ್‌ನಂಥ ಅಮೆರಿಕನ್ ಜಾಯಮಾನದ ಹೆಸರು ಜನರನ್ನು ಸೆಳೆಯುತ್ತದೆಯೋ, ಯುನೈಟೆಡ್, ಎಫ್‌ಸಿಗಳಂಥ ಎರವಲು ಹೆಸರು ಸೆಳೆಯುತ್ತದೆಯೋ ಎಂದು. ನನ್ನ ಮಟ್ಟಿಗೆ ಈ ಪ್ರಶ್ನೆಯೇ ದಾರಿ ತಪ್ಪಿದ್ದು. ಎರವಲು ಹೆಸರಿನ ‘ಡಿ.ಸಿ. ಯುನೈಟೆಡ್’ ಮೊದಲ ನಾಲ್ಕು ವರ್ಷಗಳಲ್ಲಿ ಮೂರು ಸಲ ಕಪ್ ಗೆದ್ದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಬೇರು ಬಿಟ್ಟಿತು. ಅಪ್ಪಟ ಅಮೆರಿಕನ್ ಅನ್ನಿಸುವ ‘ಬರ್ನ್’ ಹತ್ತು ವರ್ಷ ಬಾಳಲಿಲ್ಲ. ಹೆಸರು ಯಾವ ಶೈಲಿಯದು ಎನ್ನುವುದಕ್ಕಿಂತ, ಅದನ್ನು ಇಡುವಾಗ ಆ ಊರಿನ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡರೇ ಎನ್ನುವುದೇ ಬೆಂಬಲವನ್ನು ನಿರ್ಧರಿಸುತ್ತದೆ.

ಇದನ್ನು ಹ್ಯೂಸ್ಟನ್‌ನಷ್ಟು ಸ್ಪಷ್ಟವಾಗಿ ತೋರಿಸುವ ಊರು ಇನ್ನೊಂದಿಲ್ಲ. 2006ರ ಜನವರಿಯಲ್ಲಿ ಅಲ್ಲಿನ ಹೊಸ ತಂಡಕ್ಕೆ ‘ಹ್ಯೂಸ್ಟನ್ 1836’ ಎಂಬ ಹೆಸರು ಪ್ರಕಟವಾಯಿತು. ಜರ್ಮನಿಯ ‘ಶಾಲ್ಕ 04’, ‘ಹ್ಯಾನೋವರ್ 96’ರಂತೆ ಇಸವಿಯನ್ನು ಹೆಸರಿಗೆ ಅಂಟಿಸುವುದು ಮಾಲೀಕರ ಉದ್ದೇಶ. 1836 ಹ್ಯೂಸ್ಟನ್ ನಗರ ಸ್ಥಾಪನೆಯಾದ ವರ್ಷ ನಿಜ. ಆದರೆ ಟೆಕ್ಸಾಸ್ ಯುದ್ಧ ಮಾಡಿ ಮೆಕ್ಸಿಕೋದಿಂದ ಬೇರ್ಪಟ್ಟದ್ದೂ ಅದೇ ವರ್ಷ. ಆ ಊರಿನಲ್ಲಿ ಸಾಕರನ್ನು ಉಸಿರಾಗಿಸಿಕೊಂಡವರಲ್ಲಿ ದೊಡ್ಡ ಪಾಲು ಮೆಕ್ಸಿಕೋ ಮೂಲದವರು. ತಮ್ಮ ಹಿರಿಯರ ಸೋಲಿನ ಇಸವಿಯನ್ನು ಎದೆಯ ಮೇಲೆ ಧರಿಸಿ ಕುಣಿಯಿರಿ ಎಂದರೆ ಅವರು ಕುಣಿದಾರೆಯೇ? ಪ್ರತಿಭಟನೆ ಎದ್ದಿತು. ಆಡಳಿತದವರು ಹಟ ಹಿಡಿಯದೆ ಮಾರ್ಚ್ ಹೊತ್ತಿಗೆ ಹೆಸರನ್ನು ‘ಡೈನಮೊ’ ಎಂದು ಬದಲಿಸಿದರು. ಇಂಧನ ಉದ್ಯಮದ ಊರಿಗೆ ಆ ಹೆಸರು ಹೊಂದಿಕೊಂಡಿತು. 2006 ಮತ್ತು 2007ರಲ್ಲಿ ಆ ತಂಡವೇ ಚಾಂಪಿಯನ್ ಆಯಿತು. ಗೆಲುವು ತಂದದ್ದು ಹೆಸರು ಎಂದು ನಾನು ಹೇಳುತ್ತಿಲ್ಲ. ಗೆದ್ದಾಗ ಇಡೀ ಊರು ಒಟ್ಟಿಗೆ ಸಂಭ್ರಮಿಸಲು ಅಡ್ಡಿಯಾಗಿದ್ದ ಒಂದು ಗೋಡೆ ಅಷ್ಟರಲ್ಲಿ ಬಿದ್ದಿತ್ತು ಎನ್ನುತ್ತಿದ್ದೇನೆ.

ಲಾಸ್ ಏಂಜಲೀಸಿನಲ್ಲಿ ಇದೇ ತಪ್ಪು ತಿರುವುಮುರುವಾಗಿ ನಡೆಯಿತು. ಮೆಕ್ಸಿಕೋದ ಗ್ವಾದಲಹಾರಾ ನಗರದ ಜನಪ್ರಿಯ ಕ್ಲಬ್ ‘ಚಿವಾಸ್’. ಅದರ ಮಾಲೀಕರು 2005ರಲ್ಲಿ ‘ಚಿವಾಸ್ ಯುಎಸ್‌ಎ’ ಎಂಬ ತಂಡವನ್ನು ಇಲ್ಲಿ ಕಣಕ್ಕಿಳಿಸಿದರು. ಮೆಕ್ಸಿಕೋ ಮೂಲದವರೆಲ್ಲ ಈ ಹೆಸರಿನ ಹಿಂದೆ ಬರುತ್ತಾರೆ ಎಂಬ ನಂಬಿಕೆ ಅವರದು. ಮೆಕ್ಸಿಕೋದವರೆಂದರೆ ಒಂದೇ ಗುಂಪಲ್ಲ ಎಂಬುದನ್ನು ಆ ಲೆಕ್ಕ ಮರೆತಿತ್ತು. ‘ಅಮೆರಿಕಾ’ ಎಂಬ ಮೆಕ್ಸಿಕೋ ಸಿಟಿಯ ಕ್ಲಬ್ಬನ್ನು ಹಚ್ಚಿಕೊಂಡವರಿಗೆ ಚಿವಾಸ್ ಎಂದರೆ ಬದ್ಧ ಎದುರಾಳಿ. ಅಪ್ಪಟ ಚಿವಾಸ್ ಅಭಿಮಾನಿಗೆ ಇದು ಅಸಲಿನ ಪಕ್ಕದಲ್ಲಿಟ್ಟ ನಕಲು. ಲಾಸ್ ಏಂಜಲೀಸಿನ ಇನ್ನೊಂದು ತಂಡ ಗ್ಯಾಲಕ್ಸಿಯ ಮೈದಾನದಲ್ಲೇ ಪಾಲು ಹಂಚಿಕೊಂಡು ಆಡುತ್ತಿದ್ದ ತಂಡದ ಪ್ರೇಕ್ಷಕರು ಕರಗುತ್ತ ಬಂದರು, 2014ರ ಋತು ಮುಗಿಯುತ್ತಲೇ ಅದು ಮುಚ್ಚಿತು. ಅದರ ಜಾಗಕ್ಕೆ ಬಂದ ‘ಎಲ್‌ಎಎಫ್‌ಸಿ’ಯದು ಊರಿನ ಹೆಸರಿಗೆ ಎರಡಕ್ಷರ ಸೇರಿಸಿದ ಸಾದಾ ಹೆಸರು. ಅದು 2018ರಲ್ಲಿ ತವರಿನ ಮೊದಲ ಪಂದ್ಯ ಆಡಿದಾಗ, ಸುಮಾರು 22,000 ಆಸನಗಳ ಅದರ ಕ್ರೀಡಾಂಗಣದ ಉತ್ತರ ತುದಿ ಹಾಡಿ ಕುಣಿಯುವ ಅಭಿಮಾನಿಗಳದೇ ಆಗಿತ್ತು. ಆ ಭಾಗದ ಸ್ಥಾನಗಳ ಸಂಖ್ಯೆ 3,252. ಅದನ್ನೇ ಅವರು ತಮ್ಮ ಸಂಘದ ಹೆಸರಾಗಿಸಿಕೊಂಡರು. ಅಂಕಿಗಳನ್ನು ಕೂಡಿದರೆ ಹನ್ನೆರಡು, ಅಂದರೆ ಹನ್ನೊಂದು ಆಟಗಾರರ ಜತೆಗಿನ ಹನ್ನೆರಡನೆಯವರು ತಾವು. ಖಾಲಿ ಪಾತ್ರೆಯಂಥ ಹೆಸರನ್ನು ಜನ ತುಂಬಿಸಿಕೊಂಡರು. ತುಂಬಿ ತಂದಿಟ್ಟ ಹೆಸರನ್ನು ಮುಟ್ಟಲಿಲ್ಲ.

ಪ್ರೇಕ್ಷಕರನ್ನು ತರುವುದು ಗೆಲುವು, ಒಳ್ಳೆಯ ಕ್ರೀಡಾಂಗಣ, ದೊಡ್ಡ ಆಟಗಾರರು. ಹೆಸರಿನದೇನು ಮಹಾ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸ್ಪೋರ್ಟಿಂಗ್ ಕಾನ್ಸಾಸ್ ಸಿಟಿ ಮೇಲಿನಿಂದ ಹೇರಿದ ಹೆಸರೇ ಆದರೂ ಗೆದ್ದಿತು: ಬೇಸ್‌ಬಾಲ್ ಅಂಗಳದಲ್ಲಿ ಆಡುತ್ತಿದ್ದ ತಂಡಕ್ಕೆ 2011ರಲ್ಲಿ ಸ್ವಂತ ಕ್ರೀಡಾಂಗಣ ಸಿಕ್ಕಿತು, 2013ರಲ್ಲಿ ಕಪ್ ಬಂತು. ಎಲ್ಲವೂ ಒಮ್ಮೆಗೇ ಬದಲಾದಾಗ ಹೆಸರಿನ ಪಾಲೆಷ್ಟು ಎಂದು ಅಳೆದು ಹೇಳಲಾಗದು. ಆದರೆ ಅಲ್ಲಿ ಹೋದದ್ದು ‘ವಿಜ್’ನಿಂದ ಒಮ್ಮೆ ಆಗಲೇ ಬದಲಾಗಿದ್ದ ‘ವಿಜರ್ಡ್ಸ್’ ಎಂಬ ಹೆಸರು, ಬಂದದ್ದು ಮನೆ. ನ್ಯೂಯಾರ್ಕಿನ ಕಡೆ 2006ರಲ್ಲಿ ಪಾನೀಯ ಕಂಪನಿಯೊಂದು ಮೆಟ್ರೊಸ್ಟಾರ್ಸ್ ತಂಡವನ್ನು ಕೊಂಡು ತನ್ನ ಹೆಸರನ್ನೇ ಇಟ್ಟು ‘ರೆಡ್ ಬುಲ್ಸ್’ ಮಾಡಿತು. ತಂಡ ಉಳಿದಿದೆ, ಅಭಿಮಾನಿಗಳೂ ಇದ್ದಾರೆ. ಆದರೂ ಅವರಲ್ಲಿ ಕೆಲವರ ಬಾಯಲ್ಲಿ ಇಂದಿಗೂ ‘ಮೆಟ್ರೊ’ ಎಂಬ ಹಳೆಯ ಹೆಸರೇ ಇದೆ. ದುಡ್ಡು ಕೊಟ್ಟು ತಂಡವನ್ನು ಕೊಳ್ಳಬಹುದು, ಬಾಯಿಯ ರೂಢಿಯನ್ನು ಕೊಳ್ಳಲಾಗದು.

ಸಿಯಾಟಲ್‌ನವರು ಇದನ್ನು ಬೇಗ ಕಲಿತರು. 2008ರಲ್ಲಿ ಹೆಸರಿಗಾಗಿ ಮತದಾನ ನಡೆಸಿದಾಗ ಮಾಲೀಕರು ಮುಂದಿಟ್ಟದ್ದು ಮೂರು ಹೊಸ ಹೆಸರು. 1974ರಿಂದ ಊರು ಬಲ್ಲ ‘ಸೌಂಡರ್ಸ್’ ಅದರಲ್ಲಿರಲಿಲ್ಲ. ಜನ ಕೆರಳಿದರು, ಹೆಸರನ್ನು ತಾವೇ ಬರೆದು ಸೂಚಿಸುವ ಅವಕಾಶ ಸಿಕ್ಕಿತು, ಸೌಂಡರ್ಸ್ ಗೆದ್ದಿತು. ಮರುವರ್ಷ, ತಂಡದ ಮೊದಲ ಋತುವಿನಲ್ಲೇ, ಪ್ರತಿ ಪಂದ್ಯಕ್ಕೆ ಸರಾಸರಿ 30,000ಕ್ಕೂ ಹೆಚ್ಚು ಜನ ಬಂದರು.

ಕೊಲಂಬಸ್‌ನಲ್ಲಿ ಪಾಠ ಕಲಿಯಲು ಇನ್ನಷ್ಟು ಕಾಲ ಹಿಡಿಯಿತು. ಅಲ್ಲಿನ ‘ಕ್ರೂ’ ತಂಡವನ್ನು ಹಿಂದಿನ ಮಾಲೀಕರು ಆಸ್ಟಿನ್‌ಗೆ ಸಾಗಿಸಲು ಹೊರಟಾಗ, 2017ರಿಂದ ಹೋರಾಟ ಕಟ್ಟಿ ಅದನ್ನು ಊರಲ್ಲೇ ಉಳಿಸಿಕೊಳ್ಳಲು ದುಡಿದವರು ಅಭಿಮಾನಿಗಳು. 2021ರ ಮೇ ತಿಂಗಳಲ್ಲಿ ಹೊಸ ಆಡಳಿತ ತಂಡವನ್ನು ‘ಕೊಲಂಬಸ್ ಎಸ್‌ಸಿ’ ಎಂದು ಕರೆದು, ಕ್ರೂ ಎಂಬುದನ್ನು ಅಡ್ಡಹೆಸರಿನ ಮಟ್ಟಕ್ಕೆ ಇಳಿಸಿತು. ತಾವು ಉಳಿಸಿದ ತಂಡದ ಹೆಸರನ್ನು ತಮ್ಮನ್ನು ಕೇಳದೆ ಅಳಿಸಿದ್ದು ಜನರಿಗೆ ಸಹಿಸಲಾಗಲಿಲ್ಲ. ಸುಮಾರು ಒಂದು ವಾರದಲ್ಲೇ ಮಾಲೀಕರು ಅಭಿಮಾನಿಗಳೊಂದಿಗೆ ಮಾತುಕತೆಗೆ ಕೂತು ಹಳೆಯ ಹೆಸರನ್ನೇ ಮರಳಿ ತಂದರು. 2023ರ ಡಿಸೆಂಬರ್ 9ರಂದು ಅದೇ ಊರಿನಲ್ಲಿ ಲೀಗ್‌ನ ಫೈನಲ್ ನಡೆಯಿತು. ಎದುರಾಳಿ ಎಲ್‌ಎಎಫ್‌ಸಿ. ಎರಡು ಗೋಲಿಗೆ ಒಂದರಂತೆ ಗೆದ್ದು ಕಪ್ ಎತ್ತಿದ ತಂಡದ ಹೆಸರು ಕೊಲಂಬಸ್ ಕ್ರೂ.