ಕೈತಯಾರಿಕೆಯ ಕ್ರೆಯಾನ್: ತೆರಿಗೆ ವಿನಾಯಿತಿಯೂ ವೆಚ್ಚದ ಲೆಕ್ಕವೂ

ಚಿತ್ರಕಲೆಗೂ ಕಾಗದದ ಕರಕುಶಲ ಕೆಲಸಕ್ಕೂ ಬಳಸುವ ಕ್ರೆಯಾನ್‌ಗಳ ಮೇಲಿದ್ದ ಶೇ. 12ರ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಆದರೆ ಇದರಿಂದ ತಯಾರಿಕೆಯ ವೆಚ್ಚವೂ ತಗ್ಗಿತೆಂದು ಸಣ್ಣ ಉತ್ಪಾದಕರು ಭಾವಿಸಲಾಗದು.

ಪ್ಯಾರಾಫಿನ್ ಮೇಣ, ಗಡಸುತನಕ್ಕೆ ಸ್ಟಿಯರಿಕ್ ಆಮ್ಲ, ಬಣ್ಣದ ಪುಡಿ, ಭರ್ತಿಗೆ ಬಿಳಿಜೇಡಿ - ಇವನ್ನು ಕಾಯಿಸಿ ಬೆರೆಸಿ ಅಚ್ಚಿಗೆ ಹೊಯ್ಯುವುದೇ ಕ್ರೆಯಾನ್ ತಯಾರಿಕೆಯ ಕ್ರಮ. ಮೇಣ ಮತ್ತು ಬಣ್ಣದ ಪುಡಿಯ ಖರೀದಿಗೆ ಶೇ. 18ರಷ್ಟು ತೆರಿಗೆ ತೆರಬೇಕು. ಸಿದ್ಧವಸ್ತುವಿಗೆ ವಿನಾಯಿತಿ ದೊರೆತಿರುವುದರಿಂದ ದೇಶದೊಳಗಿನ ಮಾರಾಟಕ್ಕೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಹಿಂದೆ ಜಮೆ ಪಡೆಯುತ್ತಿದ್ದ ನೋಂದಾಯಿತ ಘಟಕಗಳಿಗೆ ಆ ತೆರಿಗೆಯೂ ಈಗ ಅಸಲಿಗೆ ಸೇರುತ್ತದೆ.

ಉದಾಹರಣೆಗೆ, ಮೂಲಬೆಲೆ 100 ರೂ. ಇರುವ ಸರಕಿನಲ್ಲಿ 50 ರೂ. ಕಚ್ಚಾಸಾಮಗ್ರಿ ಇದೆಯೆನ್ನೋಣ. ಅದರ ಮೇಲಿನ ತೆರಿಗೆ 9 ರೂ. ಹಳೆಯ ಮೂಲಬೆಲೆಗೇ ಮಾರಿದರೆ ಈ 9 ರೂ. ಲಾಭದಲ್ಲಿ ಕಡಿತವಾಗುತ್ತದೆ. 109 ರೂ.ಗೆ ಮಾರಿದರೆ ತಯಾರಕನ ಲಾಭ ಉಳಿಯುತ್ತದೆ; ಹಿಂದೆ 112 ರೂ. ತೆರುತ್ತಿದ್ದ ಗ್ರಾಹಕನಿಗೂ 3 ರೂ. ಉಳಿತಾಯ.

ಈ ಹೊರೆಯನ್ನು ಅಗ್ಗದ ಬಣ್ಣದಿಂದ ಸರಿದೂಗಿಸುವುದು ಅಪಾಯಕಾರಿ. ಕೆಲವು ಹಳದಿ, ಕಿತ್ತಳೆ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಇರುತ್ತದೆ. ಆಟಿಕೆ ಸುರಕ್ಷತೆಯ ಭಾರತೀಯ ಮಾನಕ ಐಎಸ್ 9873ರ 3ನೇ ಭಾಗದಂತೆ, ಹೊರಸೂಸುವ ಸೀಸ ಕಿಲೋಗ್ರಾಂಗೆ 90 ಮಿಲಿಗ್ರಾಂ ಮೀರಕೂಡದು. ಮಕ್ಕಳು ಬಾಯಿಗಿಡುವ ವಸ್ತುವಾದ ಕ್ರೆಯಾನ್‌ಗೂ ಇದೇ ಅಳತೆಗೋಲಾಗಿರಲಿ. ಬಣ್ಣದ ಪುಡಿ ಕೊಳ್ಳುವಾಗ ಬೆಲೆಯೊಡನೆ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯುವುದು ಲೇಸು.